ಎಡಿಟಿಂಗ್ ಸಾಫ್ಟ್‌ವೇರ್ ಕೈಕೊಟ್ಟರೆ ಹಣ ಮರಳಿ ಕೇಳುವುದು ಹೇಗೆ?

ಕಲಬುರಗಿಯಲ್ಲಿ ನಾನು ಎಡಿಟ್ ಮಾಡುವ ಮದುವೆ ವಿಡಿಯೊಗಳು ಹೆಚ್ಚಾಗಿ ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಎಂದೇ ಶುರುವಾಗುತ್ತವೆ. ವರ್ಷದ ಚಂದಾ ಕಟ್ಟಿ ತಂದ ಹೊಸ ಸಾಫ್ಟ್‌ವೇರ್ ಅದನ್ನು ‘ಶರಣಬಸವೇಶ್ ವರ’ ಎಂದು ಒಡೆದು ತೋರಿಸಿತು. ಸಾಲದೆಂಬಂತೆ, ರೆಂಡರ್ (ಎಡಿಟ್ ಮಾಡಿದ್ದೆಲ್ಲ ಸೇರಿ ಅಂತಿಮ ವಿಡಿಯೊ ಆಗುವ ಕೆಲಸ) ಮುಗಿಯುವ ಹೊತ್ತಿಗೆ ತಾನಾಗಿ ಮುಚ್ಚಿಕೊಳ್ಳುವ ಚಾಳಿ ಬೇರೆ. ಸಿಟ್ಟಿಗೆ ಅದನ್ನು ಕಂಪ್ಯೂಟರಿನಿಂದ ಕಿತ್ತುಹಾಕಿದೆ. ಪುರಾವೆಯೂ ಅದರೊಂದಿಗೇ ಹೋಯಿತು, ಹಣವೂ ಬರಲಿಲ್ಲ.

ಆದ್ದರಿಂದ ಮೊದಲ ಕೆಲಸ, ಸಾಫ್ಟ್‌ವೇರನ್ನು ಹಾಗೆಯೇ ಬಿಡುವುದು. ದೋಷ ಕಾಣಿಸಿದಾಗ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಆವೃತ್ತಿಯ ಸಂಖ್ಯೆ, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ವಿವರ ಬರೆದಿಡಿ. ಕಂಪನಿ ಹೇಳಿದ ಕನಿಷ್ಠ ಸಾಮರ್ಥ್ಯ ನಿಮ್ಮ ಕಂಪ್ಯೂಟರಿಗೆ ಇಲ್ಲದಿದ್ದರೆ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಒತ್ತಕ್ಷರ ಒಡೆಯುವುದು ಎಷ್ಟೋ ಸಲ ಸೆಟ್ಟಿಂಗ್‌ನ ತಪ್ಪು. ಅಡೋಬಿ ಕಂಪನಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊದಲ್ಲಾದರೆ ಗ್ರಾಫಿಕ್ಸ್ ಪ್ರಿಫರೆನ್ಸಸ್ (ಆದ್ಯತೆ) ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆ. ಜಗಳಕ್ಕೆ ಮುನ್ನ ಅದನ್ನು ಬದಲಿಸಿ ನೋಡಿ. (ಕ್ರ್ಯಾಕ್ ಮಾಡಿದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದವರು ಇಲ್ಲಿಗೇ ಓದು ನಿಲ್ಲಿಸಬಹುದು.)

ಎರಡನೆಯದು ತಾರೀಖು. ಹಣ ಮರಳಿ ಕೇಳುವ ಗಡುವಿನ ಎಣಿಕೆ ಸಾಮಾನ್ಯವಾಗಿ ದೋಷ ಕಂಡಂದಿನಿಂದಲ್ಲ, ಹಣ ಕಟ್ಟಿದಂದಿನಿಂದ. ಅಡೋಬಿಯ ವಾರ್ಷಿಕ ಯೋಜನೆಯಲ್ಲಿ ಪೂರ್ತಿ ಹಣಕ್ಕೆ 14 ದಿನಗಳ ಗಡುವು. ಸೀಸನ್ನಿನ ಗಡಿಬಿಡಿಯಲ್ಲಿ ಅಷ್ಟು ದಿನ ಕಳೆದದ್ದೇ ಗೊತ್ತಾಗುವುದಿಲ್ಲ. ‘ವಾರ್ಷಿಕ ಯೋಜನೆ, ತಿಂಗಳ ಕಂತು’ ಎಂಬುದು ತಿಂಗಳ ಯೋಜನೆಯಲ್ಲ. ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಯುಪಿಐ ಆಟೊಪೇ ರದ್ದು ಮಾಡಿದರೆ ಮುಂದಿನ ಕಡಿತ ನಿಲ್ಲಬಹುದು, ಹೋದ ಹಣ ಬಾರದು. ಮರುಪಾವತಿಯನ್ನು ಬೇರೆಯಾಗಿಯೇ ಕೇಳಬೇಕು.

ಯಾರನ್ನು ಕೇಳುವುದು? ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರನ್ನು. ಆ್ಯಪ್ ಸ್ಟೋರಿನಲ್ಲಿ ಕೊಂಡಿದ್ದರೆ ಸ್ಟೋರನ್ನು, ನಗರದ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯಲ್ಲಿ ಕೊಂಡಿದ್ದರೆ ಅಂಗಡಿಯವರನ್ನು. ಇಮೇಲ್ ಚಿಕ್ಕದಿರಲಿ: ‘ಇಂಥ ದಿನ, ಇಂಥ ಆರ್ಡರ್ ಸಂಖ್ಯೆಯಲ್ಲಿ ಖರೀದಿಸಿದೆ. ನೀವು ಹೇಳಿದ ಇಂಥ ಕೆಲಸವನ್ನು ಇದು ಮಾಡುತ್ತಿಲ್ಲ. ವಿಡಿಯೊ ಲಗತ್ತಿಸಿದ್ದೇನೆ. ಪೂರ್ತಿ ಹಣ ಮರಳಿಸಿ.’ ಬೈಗುಳ ಬೇಡ. ಚಾಟ್‌ನಲ್ಲಿ ಮಾತಾಡಿದರೆ ಅದರ ಪ್ರತಿ ಉಳಿಸಿಕೊಳ್ಳಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕಾರ್ಡಿನಲ್ಲಿ ಪಾವತಿಸಿದವರು ಬ್ಯಾಂಕಿನಲ್ಲೂ ತಕರಾರು ದಾಖಲಿಸಬಹುದು. ಅದಕ್ಕೂ ಗಡುವಿದೆ, ತಡ ಮಾಡಬೇಡಿ.

ಕೊನೆಯ ಬಾಗಿಲು ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ಆಳಂದ, ಚಿಂಚೋಳಿಯವರಾದರೂ ಕಲಬುರಗಿಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಕಾಲಮಿತಿ ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಸ್ಟುಡಿಯೊದವರಿಗೆ ಮಾತ್ರ ಒಂದು ತೊಡಕಿದೆ: ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವವರಿಗೆ ವಿನಾಯಿತಿ ಉಂಟು. ಒಬ್ಬರೇ ಕುಳಿತು ಎಡಿಟ್ ಮಾಡುವವರು ದೂರಿನ ಮೊದಲ ಪುಟದಲ್ಲೇ ಇದನ್ನು ಬರೆಯಿರಿ. ಎದುರಿನ ವಕೀಲರು ಮೊದಲು ಕೈಹಾಕುವುದು ಅಲ್ಲಿಗೇ.