ಹೊಸ ಊರಲ್ಲಿ ದಾರಿ ಕೇಳುವಾಗ ಒಂದು ವಿಷಯ

ದೊಡ್ಡ ಊರಿಗೆ ಹೊಸದಾಗಿ ಬಂದವರಿಗೆ ಒಂದು ಮಾತು. "ಸ್ಟೇಷನ್‌ಗೆ ಹೀಗೇ ಹೋಗಬೇಕಲ್ವಾ?" ಅಂತ ಯಾವತ್ತೂ ಕೇಳಬೇಡಿ. ಎದುರಿನವರು ಅವಸರದಲ್ಲಿ ಹೂಂ ಅಂದುಬಿಡುತ್ತಾರೆ. ಮೋಸ ಮಾಡಬೇಕು ಅಂತಲ್ಲ, ಗೊತ್ತಿಲ್ಲ ಅನ್ನೋಕೆ ಸಂಕೋಚ ಅಷ್ಟೇ. ನಾನು ಹೀಗೆ ಕೇಳಿ, ಭಾರದ ಬ್ಯಾಗ್ ಹೊತ್ತುಕೊಂಡು ಅರ್ಧ ಗಂಟೆ ಉಲ್ಟಾ ದಿಕ್ಕಿಗೆ ನಡೆದಿದ್ದೇನೆ. "ಸ್ಟೇಷನ್ ಯಾವ ಕಡೆ?" ಅಂತ ಕೇಳಿ. ಗೊತ್ತಿದ್ದವರು ತಕ್ಷಣ ಕೈ ತೋರಿಸುತ್ತಾರೆ, ಗೊತ್ತಿಲ್ಲದವರು ತಡವರಿಸುತ್ತಾರೆ, ಆಗ ಇನ್ನೊಬ್ಬರನ್ನು ಕೇಳಿದರಾಯಿತು. ದಾರಿಹೋಕರಿಗಿಂತ ಅಂಗಡಿಯವರು, ಸೆಕ್ಯೂರಿಟಿಯವರು ವಾಸಿ, ದಿನಾ ಅಲ್ಲೇ ಇರುತ್ತಾರಲ್ಲ.

ಮ್ಯಾಪ್ ಇದ್ದರೆ ಸಾಕು ಅನ್ನುವವರಿಗೆ ಇನ್ನೊಂದು ವಿಷಯ. ಬಯಲಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಸುತ್ತಿಕೊಂಡು ಬರುವುದರಿಂದ ನೀಲಿ ಚುಕ್ಕೆ ಪಕ್ಕದ ರಸ್ತೆಗೇ ಹೋಗಿ ಕೂತಿರುತ್ತದೆ. ಹಾಗಾಗಿ ಮೆಟ್ರೋದಿಂದ ಮೇಲೆ ಬಂದ ಕೂಡಲೇ ಅದನ್ನು ನಂಬಿ ಓಡಬೇಡಿ. ಸ್ವಲ್ಪ ದೂರ ನಡೆದು ಚುಕ್ಕೆ ಎತ್ತ ಸರಿಯಿತು ನೋಡಿ, ಎದುರಿನ ಬೋರ್ಡಿನಲ್ಲಿ ರಸ್ತೆ ಹೆಸರು ಓದಿ.

ಯಾರನ್ನಾದರೂ ಭೇಟಿ ಮಾಡುವುದಿದ್ದರೆ ಸ್ಟೇಷನ್ ಹೆಸರು ಮಾತ್ರ ಹೇಳಿದರೆ ಸಾಲದು, ಯಾವ ಗೇಟು ಅಂತಲೂ ಹೇಳಿ. ದೊಡ್ಡ ಸ್ಟೇಷನ್‌ಗಳಲ್ಲಿ ಎರಡು ಗೇಟುಗಳ ನಡುವೆ ಒಂದು ಹೆದ್ದಾರಿಯೇ ಇರಬಹುದು. ಮನೆಯಲ್ಲಿ ವೈಫೈ ಇರುವಾಗಲೇ ಊರಿನ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಉಳಿದುಕೊಳ್ಳುವ ಜಾಗದ ವಿಳಾಸವನ್ನು ಒಂದು ಚೀಟಿಯಲ್ಲಿ ಅಲ್ಲಿನ ಭಾಷೆಯಲ್ಲೇ ಬರೆಸಿಕೊಂಡು ಜೇಬಲ್ಲಿ ಇಟ್ಟುಕೊಳ್ಳಿ, ಫೋನ್ ಚಾರ್ಜ್ ಮುಗಿದ ದಿನ ಅದೇ ಕೈ ಹಿಡಿಯುವುದು.