ಟವರ್ ಇಲ್ಲದ ಕಡೆ ವಿಮಾನ ಇಳಿಸುವಾಗ: ಅಕ್ಕನ ಮಗನಿಗೆ ಅಂಗಳದಲ್ಲಿ ಹೇಳಿಕೊಟ್ಟದ್ದು

ಅಕ್ಕನ ಮಗ ಮುಂದಿನ ತಿಂಗಳು ಪೈಲಟ್ ತರಬೇತಿಗೆ ಅಮೆರಿಕಕ್ಕೆ ಹೊರಟಿದ್ದಾನೆ. ಹೋದ ವಾರ ಶಿಡ್ಲಘಟ್ಟದ ನಮ್ಮ ಮನೆಗೆ ಬಂದವನು, "ಚಿಕ್ಕಮ್ಮ, ಟವರೇ ಇಲ್ಲದ ಕಡೆ ನೀನು ಇಳಿ, ನೀನು ಕಾಯಿ ಅಂತ ಯಾರು ಹೇಳ್ತಾರೆ?" ಅಂದ. ಯಾರೂ ಹೇಳಲ್ಲ ಕಣೋ ಅಂದೆ. ನಾನು ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ ಪೈಲಟ್ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಅಲ್ಲಿನ ಸಣ್ಣ ಊರುಗಳ ರನ್‌ವೇಗಳಲ್ಲಿ ಟವರ್ ಇರುವುದೇ ಕಡಿಮೆ. ಪೈಲಟ್‌ಗಳೇ ಒಂದು ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ಇಳಿಯುತ್ತಾರೆ.

ರಂಗೋಲಿ ಪುಡಿ ತಂದು ಅಂಗಳದಲ್ಲಿ ಉದ್ದನೆಯ ಚೌಕ ಎಳೆದೆ. ಒಂದು ಉದ್ದ ಬದಿ ರನ್‌ವೇ. ಎದುರು ಬದಿ ಡೌನ್‌ವಿಂಡ್, ಇಳಿಯುವ ದಿಕ್ಕಿಗೆ ಉಲ್ಟಾ ಹಾರುವ ಸಾಲು. ಅಲ್ಲಿಂದ ಎಡಕ್ಕೆ ತಿರುಗಿದರೆ ಬೇಸ್, ಮತ್ತೆ ಎಡಕ್ಕೆ ತಿರುಗಿದರೆ ಫೈನಲ್, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಸಾಲು. ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲ ತಿರುವೂ ಎಡಕ್ಕೇ. ಎತ್ತರ ಸಾಮಾನ್ಯವಾಗಿ ನೆಲದಿಂದ 1000 ಅಡಿ. ಹೊರಗಿನಿಂದ ಬರುವವರು ಮೊದಲೇ ಆ ಎತ್ತರಕ್ಕೆ ಬಂದು, ಡೌನ್‌ವಿಂಡ್‌ನ ನಡುಭಾಗಕ್ಕೆ 45 ಡಿಗ್ರಿ ಓರೆಯಾಗಿ ಸೇರಿಕೊಳ್ಳಬೇಕು. ಇಳಿಯುತ್ತಲೇ ನುಗ್ಗಿದರೆ ಕೆಳಗಿದ್ದವರ ತಲೆ ಮೇಲೆ ಕೂತ ಹಾಗೆ.

ಸುಮಾರು 10 ಮೈಲಿ ದೂರದಿಂದಲೇ ಎಲ್ಲಿದ್ದೀರಿ, ಎಷ್ಟು ಎತ್ತರ, ಏನು ಮಾಡುತ್ತೀರಿ ಅಂತ ಹೇಳಿ. ಊರಿನ ಹೆಸರು ಮೊದಲೂ ಬರಲಿ, ಕೊನೆಯಲ್ಲೂ ಬರಲಿ. ಸುತ್ತಮುತ್ತಲ ಎರಡು ಮೂರು ಊರಿಗೆ ಒಂದೇ ಫ್ರೀಕ್ವೆನ್ಸಿ ಇರುವುದುಂಟು. "ಯಾರಾದರೂ ಇದ್ದರೆ ಹೇಳಿ" ಅಂತ ಮಾತ್ರ ಕೇಳಬೇಡಿ. ಎಲ್ಲರೂ ಒಟ್ಟಿಗೆ ಬಾಯಿ ತೆರೆದು, ಯಾರ ಮಾತೂ ಕೇಳಿಸುವುದಿಲ್ಲ.

ಇನ್ನು ನನ್ನ ಪೆದ್ದುತನ. ಒಂದು ಶನಿವಾರ ಬೆಳಿಗ್ಗೆ ರೇಡಿಯೋವನ್ನು ಹಿಂದಿನ ಊರಿನ 122.8ರಲ್ಲೇ ಬಿಟ್ಟಿದ್ದೆ. ಈ ಊರಿನದು 123.0. ಡೌನ್‌ವಿಂಡ್, ಬೇಸ್ ಎಲ್ಲ ಪಾಠ ಒಪ್ಪಿಸುವ ಹಾಗೆ ಹೇಳಿದೆ. ಒಂದು ಸದ್ದಿಲ್ಲ. ಇವತ್ತು ರನ್‌ವೇ ನನಗೊಬ್ಬಳಿಗೇ ಅಂತ ಖುಷಿಪಟ್ಟೆ. ಬೇಸ್‌ನಲ್ಲಿ ಬಲಗಡೆ ನೋಡಿದರೆ, ದೂರದಿಂದ ನೇರ ಫೈನಲ್‌ಗೆ ಬರುತ್ತಿದ್ದ ಹಳದಿ ವಿಮಾನ. ಚಕ್ರದ ಟೈರು ಕಾಣುವಷ್ಟು ಹತ್ತಿರ. ಥ್ರಾಟಲ್ ಪೂರ್ತಿ ಒತ್ತಿ, ಅದರಿಂದ ದೂರಕ್ಕೆ ತಿರುಗಿ ಮೇಲೆ ಹೋದೆ. ಅಂಗೈ ಪೂರಾ ಬೆವರು. ಅಂದಿನಿಂದ ಫ್ರೀಕ್ವೆನ್ಸಿಯನ್ನು ಎರಡು ಸಲ ಬಾಯಿಬಿಟ್ಟು ಓದುತ್ತೇನೆ. ಫೈನಲ್‌ನಲ್ಲಿ ಇರುವವರಿಗೇ ಮೊದಲ ಹಕ್ಕು. ಅದಕ್ಕೇ ಬೇಸ್‌ಗೆ ತಿರುಗುವ ಮೊದಲು ಫೈನಲ್ ಸಾಲನ್ನು ದೂರದವರೆಗೂ ನೋಡಿ. ನಾನು ತಪ್ಪು ಮಾಡಿದ್ದೆ ಸರಿ, ಆದರೆ ಅಂಥ ಎಷ್ಟೋ ಕಡೆ ರೇಡಿಯೋನೇ ಇಲ್ಲದ ಹಳೇ ವಿಮಾನಗಳೂ ಕಾಯಿದೆ ಪ್ರಕಾರವೇ ಹಾರುತ್ತವೆ.

ಉತ್ತರ ಬಂತು ಅಂದರೂ ನಂಬಬೇಡಿ. 1996ರ ನವೆಂಬರ್ 19ರಂದು ಇಲಿನಾಯ್‌ನ ಕ್ವಿನ್ಸಿಯಲ್ಲಿ ಬೀಚ್‌ಕ್ರಾಫ್ಟ್ 1900 ಪ್ರಯಾಣಿಕ ವಿಮಾನ ಇಳಿಯುತ್ತಿತ್ತು. ಅದು ಇಳಿಯುವ ರನ್‌ವೇಯನ್ನು ಅಡ್ಡ ಹಾಯುವ ಇನ್ನೊಂದು ರನ್‌ವೇ ತುದಿಯಲ್ಲಿ ಕಿಂಗ್ ಏರ್ ಅನ್ನುವ ವಿಮಾನ, ಅದರ ಹಿಂದೆ ಪುಟ್ಟ ಚೆರೋಕಿ ವಿಮಾನ. ರನ್‌ವೇ ಮೇಲಿರುವವರು ಹೊರಡುತ್ತೀರಾ, ಕಾಯುತ್ತೀರಾ ಅಂತ ಇಳಿಯುವವರು ಕೇಳಿದರು. ಕಾಯುತ್ತೇವೆ ಅನ್ನುವ ಅರ್ಥದ ಉತ್ತರ ಬಂತು. ಕೊಟ್ಟದ್ದು ಹಿಂದಿದ್ದ ಚೆರೋಕಿ. ಆ ಮಾತಿನ ನಡುವೆಯೇ ಇಳಿಯುವ ವಿಮಾನದೊಳಗಿನ ಎಚ್ಚರಿಕೆ ದನಿಯೂ ಕೂಗಿ ಗೊಂದಲವಾಯಿತು. ಕಿಂಗ್ ಏರ್ ಏನೂ ಹೇಳದೆ ಹೊರಟಿತು, ಇಳಿದ ವಿಮಾನಕ್ಕೂ ಅದಕ್ಕೂ ಡಿಕ್ಕಿಯಾಯಿತು. ಡಿಕ್ಕಿಯಾದ ಎರಡೂ ವಿಮಾನದಲ್ಲಿದ್ದ 14 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಕಣ್ಣಿಗೂ ಒಂದು ತೊಂದರೆ ಇದೆ. ಗೋಡೆಗೆ ಒರಗಿಸಿದ್ದ, ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ ಚಂದ್ರಿಕೆಯನ್ನು ಹುಡುಗನ ತಲೆ ಮೇಲೆ ಹಿಡಿಸಿದೆ. "ಮೇಲೆ ಏನು ಕಾಣುತ್ತೆ?" "ಬಿದಿರು." ಸೆಸ್ನಾ 172 ವಿಮಾನದ ರೆಕ್ಕೆ ಹಾಗೇ, ತಲೆ ಮೇಲೆ. ಎಡಕ್ಕೆ ವಾಲಿಸಿದರೆ ಎಡಗಡೆಯೇ ಮುಚ್ಚಿಹೋಗುತ್ತದೆ. ತಿರುಗುವ ಮೊದಲು ಆ ರೆಕ್ಕೆಯನ್ನು ಸ್ವಲ್ಪ ಎತ್ತಿ ನೋಡಿ. ಚೆರೋಕಿಯ ರೆಕ್ಕೆ ಕೆಳಗೆ. ಫೈನಲ್‌ನಲ್ಲಿ ಚೆರೋಕಿ ಮೇಲೆ, ಸೆಸ್ನಾ ಅದರ ಕೆಳಗೆ ಬಂದರೆ ಇಬ್ಬರಿಗೂ ಇನ್ನೊಬ್ಬರು ಕಾಣಲ್ಲ.

ಆಮೇಲೆ ಚಂದ್ರಿಕೆ ಹೊತ್ತೇ ಅವನನ್ನು ರಂಗೋಲಿ ಮೇಲೆ ನಡೆಸಿದೆ. ಪ್ರತಿ ಮೂಲೆಯಲ್ಲೂ ಜೋರಾಗಿ ಕೂಗಬೇಕು. ಮೂರನೇ ಸುತ್ತಿನಲ್ಲಿ ನಮ್ಮಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಗೇಟಿನಿಂದ ನೇರ ಫೈನಲ್‌ಗೆ ಬಂದರು. ಬೇಸ್‌ನಲ್ಲಿದ್ದವನು ಗಕ್ಕನೆ ನಿಂತ.

"ಚಿಕ್ಕಮ್ಮ, ಅಜ್ಜಿ ಏನೂ ಹೇಳಲೇ ಇಲ್ಲ!"

"ವಿಮಾನ ನಿಲ್ಲಲ್ಲ ಕಣೋ," ಅಂದೆ. "ಪಕ್ಕಕ್ಕೆ ಹೋಗಿ ಇನ್ನೊಂದು ಸುತ್ತು ಹಾಕು."