ದೂರದ ಡಿಸ್ಕನ್ನು ಹತ್ತಿರದ್ದು ಅಂದುಕೊಂಡಿದ್ದೆ

ಹಾಸನದಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ಒಂದು ಮದುವೆಗೆ ಎರಡು ಕ್ಯಾಮೆರಾ ಇಟ್ಟರೆ 3000 ರಾ ಫೈಲ್ (ಕ್ಯಾಮೆರಾ ಕೊಡುವ ಮೂಲ ಫೈಲ್) ಸಲೀಸಾಗಿ ಆಗುತ್ತದೆ. ಒಂದೊಂದು 30 ಎಂಬಿ ಅಂದರೂ 90 ಜಿಬಿ. ಹೀಗೆ ಕೂಡಿಕೊಂಡು ಬಂದಿದ್ದು ಈಗ 3.2 ಟಿಬಿ ಆಗಿದೆ. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ತೆಗೆದ ಫೋಟೋಗಳೂ ಅದರಲ್ಲಿವೆ. ಅದು ನಡೆಯುವುದೇ 12 ವರ್ಷಕ್ಕೊಮ್ಮೆ. ಆ ಫೋಟೋ ಹೋದರೆ 2030ರವರೆಗೆ ಕಾಯಬೇಕು. ಒಬ್ಬರ ಮದುವೆ ಫೋಟೋ ಹೋದರೆ ಕಾಯುವುದಕ್ಕೂ ಏನೂ ಇರುವುದಿಲ್ಲ.

ಮೊದಲು ಯುಎಸ್‌ಬಿ ಡಿಸ್ಕಿಗೆ ಹಾಕಿ, ಮೇಲೆ ಮಾರ್ಕರಿನಲ್ಲಿ ವರ್ಷ ಬರೆದು ಬೀರುವಿನಲ್ಲಿ ಇಡುತ್ತಿದ್ದೆವು. '2016' ಅಂತ ಬರೆದಿದ್ದ ಡಿಸ್ಕ್ ಒಂದು ದಿನ ಟಿಕ್ ಟಿಕ್ ಅನ್ನತೊಡಗಿತು. ಅವತ್ತು ರಾತ್ರಿಯೆಲ್ಲಾ ಕೂತು ಬಂದಷ್ಟನ್ನು ಕಾಪಿ ಮಾಡಿಕೊಂಡೆ. ಪುಣ್ಯಕ್ಕೆ ಬಹುಪಾಲು ಬಂತು. ಆಮೇಲೆ 3-2-1 ಲೆಕ್ಕವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಬೇರೆ ಊರಲ್ಲಿ. ಈ ಲೆಕ್ಕವನ್ನು ಹೆಚ್ಚು ಜನರಿಗೆ ತಲುಪಿಸಿದವರೂ ಒಬ್ಬ ಫೋಟೋಗ್ರಾಫರೇ, ಅಮೆರಿಕದ ಪೀಟರ್ ಕ್ರೋಗ್.

ಸ್ಟುಡಿಯೋದ ಹಳೆಯ ಪಿಸಿಗೆ ಉಬುಂಟು ಲಿನಕ್ಸ್ ಹಾಕಿ, ಅದರ ಮೇಲೆ ನೆಕ್ಸ್ಟ್‌ಕ್ಲೌಡ್ ಕೂರಿಸಿದ್ದೆ. ನಮ್ಮದೇ ಪಿಸಿಯಿಂದ ಫೈಲ್ ಹಂಚುವ ಸಾಫ್ಟ್‌ವೇರ್ ಅದು. ಗಿರಾಕಿಗಳು ಆಲ್ಬಮ್ಮಿಗೆ ಫೋಟೋ ಆರಿಸುವುದು ಅದರ ಲಿಂಕಿನಲ್ಲೇ. ಬೇರೆ ಊರಿನ ಪ್ರತಿಗಾಗಿ ಯುರೋಪಿನ ಒಂದು ಡೇಟಾ ಸೆಂಟರಿನಲ್ಲಿ 5 ಟಿಬಿ ಜಾಗ ಬಾಡಿಗೆಗೆ ತಗೊಂಡೆ. ದೂರದ ಕಂಪ್ಯೂಟರಿಗೆ ಫೈಲ್ ಕಳಿಸುವ ಎರಡು ವಿಧಾನ, ಎಸ್‌ಎಫ್‌ಟಿಪಿ ಮತ್ತು ವೆಬ್‌ಡ್ಯಾವ್, ಎರಡೂ ಅಲ್ಲಿ ಸಿಗುತ್ತಿತ್ತು. ಇನ್ನು ಉಳಿದದ್ದು ಸ್ಟುಡಿಯೋ ಪಿಸಿಯನ್ನೂ ಈ ಬಾಡಿಗೆ ಜಾಗವನ್ನೂ ಜೋಡಿಸುವ ಕೆಲಸ. ನಾನು ಎಡವಿದ್ದು ಅಲ್ಲೇ.

ಎಲ್ಲಕ್ಕಿಂತ ಸುಲಭ ಅನ್ನಿಸಿದ ದಾರಿ ಎಸ್‌ಎಸ್‌ಎಚ್‌ಎಫ್‌ಎಸ್. ದೂರದ ಜಾಗವನ್ನು ನಮ್ಮ ಕಂಪ್ಯೂಟರಿನದೇ ಒಂದು ಫೋಲ್ಡರಿನ ಹಾಗೆ ಅದು ತೋರಿಸುತ್ತದೆ. ಅದನ್ನೇ ಮೌಂಟ್ ಮಾಡುವುದು ಅನ್ನುತ್ತೇವೆ. ದಿನಾ ರಾತ್ರಿ ಆ ಫೋಲ್ಡರಿಗೆ ಎಲ್ಲವನ್ನೂ ಕಾಪಿ ಮಾಡುವ ಒಂದು ಸ್ಕ್ರಿಪ್ಟ್ ಬರೆದೆ. ಮೂರು ತಿಂಗಳು ಚೆನ್ನಾಗಿ ನಡೆಯಿತು.

ಜುಲೈ ತಿಂಗಳ ಒಂದು ರಾತ್ರಿ ಗಾಳಿ ಮಳೆಗೆ ಕೊಂಬೆ ಬಿದ್ದು ಫೈಬರ್ ಕೇಬಲ್ ಕಿತ್ತುಹೋಯಿತು. ಕರೆಂಟ್ ಹೋಗಿ ಬಂತು, ಪಿಸಿ ಮತ್ತೆ ಆನ್ ಆಯಿತು. ನೆಟ್ ಇರಲಿಲ್ಲ, ಹಾಗಾಗಿ ಮೌಂಟ್ ಆಗಲಿಲ್ಲ. ಆದರೆ ಫೋಲ್ಡರ್ ಅಲ್ಲೇ ಇತ್ತು, ಖಾಲಿಯಾಗಿ. ಸ್ಕ್ರಿಪ್ಟಿಗೆ ಅದು ಹೇಗೆ ಗೊತ್ತಾಗಬೇಕು? ಹಿಂದಿನ ಪ್ರತಿ ಒಂದೂ ಇಲ್ಲ ಅಂದುಕೊಂಡು ಮೊದಲಿಂದ ಕಾಪಿ ಮಾಡುತ್ತಾ ಹೋಯಿತು. ಅದೆಲ್ಲಾ ಹೋಗಿ ಬಿದ್ದಿದ್ದು ಸ್ಟುಡಿಯೋದ 256 ಜಿಬಿ ಎಸ್‌ಎಸ್‌ಡಿಯಲ್ಲಿ. ಬೆಳಗಾಗುವ ಹೊತ್ತಿಗೆ ಅದು ತುಂಬಿ, ನೆಕ್ಸ್ಟ್‌ಕ್ಲೌಡಿನ ಡೇಟಾಬೇಸ್ ನಿಂತುಹೋಗಿತ್ತು. ಅರಸೀಕೆರೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಲಿಂಕ್ ತೆಗೀತಾನೇ ಇಲ್ಲ" ಅಂದಾಗಲೇ ನನಗೆ ತಿಳಿದದ್ದು.

ಒಂದು ಫೋಟೋವೂ ಹೋಗಲಿಲ್ಲ. ಆದರೆ ಆ ಮಧ್ಯಾಹ್ನ ಡಿಸ್ಕ್ ಖಾಲಿ ಮಾಡುತ್ತಾ ಕೂತಾಗ ಇನ್ನೊಂದು ವಿಷಯ ಹೊಳೆದು ಕೈಕಾಲು ತಣ್ಣಗಾಯಿತು. ಇದೇ ಉಲ್ಟಾ ಆಗಿದ್ದರೆ? ನಮ್ಮ ಮೂಲ ಫೋಟೋಗಳಿರುವುದು ಪಿಸಿಗೆ ಚುಚ್ಚಿದ ಬೇರೆ ಡಿಸ್ಕಿನಲ್ಲಿ. ಕರೆಂಟ್ ಬಂದಾಗ ಆ ಡಿಸ್ಕ್ ಏಳದೆ, ಆ ಜಾಗದಲ್ಲಿ ಖಾಲಿ ಫೋಲ್ಡರ್ ಉಳಿದಿದ್ದರೆ? ನಾನು ಮುಂದಿನ ವಾರ ಆರ್‌ಕ್ಲೋನ್ ಅನ್ನುವ ಕಾಪಿ ಸಾಫ್ಟ್‌ವೇರಿನ 'ಸಿಂಕ್' ಬಳಸಬೇಕು ಅಂತಿದ್ದೆ. ಸಿಂಕ್ ಅಂದರೆ ಆ ಕಡೆಯದನ್ನು ಈ ಕಡೆಯ ಹಾಗೇ ಮಾಡುವುದು. ಈ ಕಡೆ ಖಾಲಿ ಇದ್ದರೆ ಆ ಕಡೆಯೂ ಖಾಲಿ. ಯುರೋಪಿನಲ್ಲಿದ್ದ ಪ್ರತಿಯನ್ನು ನಾನೇ ಅಳಿಸಿಹಾಕುತ್ತಿದ್ದೆ.

ಅವತ್ತಿನಿಂದ ಒಂದು ಮಾತಿಗೆ ಕಟ್ಟುಬಿದ್ದಿದ್ದೇನೆ. ದೂರದ ಜಾಗವನ್ನು ಮೌಂಟ್ ಮಾಡಿ, ಅದು ನಮ್ಮದೇ ಡಿಸ್ಕ್ ಅಂತ ಬ್ಯಾಕಪ್ ಸಾಫ್ಟ್‌ವೇರಿಗೆ ತೋರಿಸುವುದಿಲ್ಲ. ಸಾಫ್ಟ್‌ವೇರೇ ನೇರವಾಗಿ ಅಲ್ಲಿಗೆ ಹೋಗಿ ಮಾತಾಡಬೇಕು. ಆಗ ದಾರಿ ಇಲ್ಲದಿದ್ದರೆ 'ದಾರಿ ಇಲ್ಲ' ಅಂತ ಹೇಳಿ ನಿಲ್ಲುತ್ತದೆ.

ಇಡೀ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದೆ. ರಾ ಫೈಲುಗಳಿಗೆ ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಆರಿಸಿಕೊಂಡೆ. ಅದಕ್ಕೆ ಎಸ್‌ಎಫ್‌ಟಿಪಿ ಬರುತ್ತದೆ, ಮಧ್ಯೆ ಮೌಂಟ್ ಬೇಕಿಲ್ಲ. ಕಳಿಸುವ ಮೊದಲೇ ಇಲ್ಲೇ ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಮಾಡುತ್ತದೆ. ಫೈಲನ್ನು ತುಂಡು ತುಂಡಾಗಿ ನೋಡುವುದರಿಂದ, ಒಮ್ಮೆ ಹೋದ ತುಂಡು ಮತ್ತೆ ಹೋಗುವುದಿಲ್ಲ. ಮಧ್ಯದಲ್ಲಿ ನೆಟ್ ಕಡಿದರೂ ಅಷ್ಟು ಹೊತ್ತು ಕಳಿಸಿದ್ದು ದಂಡವಾಗುವುದಿಲ್ಲ. ಹಾಗೆ ಕಡಿದಾಗ, ಕೆಲಸ ನಡೆಯುತ್ತಿದೆ ಅಂತ ರೆಸ್ಟಿಕ್ ಹಾಕಿದ್ದ ಬೀಗ ಕೆಲವು ಸಲ ಹಾಗೇ ಉಳಿದುಬಿಡುತ್ತದೆ. ಬೇರೆ ಯಾವ ಬ್ಯಾಕಪ್ಪೂ ಓಡುತ್ತಿಲ್ಲ ಅಂತ ನೋಡಿಕೊಂಡು 'ಅನ್‌ಲಾಕ್' ಕೊಟ್ಟರೆ ಸಾಕು. ಈ ಸಂಪರ್ಕ ನಡೆಸುವ ಎಸ್‌ಎಸ್‌ಎಚ್‌ನ ಸೆಟ್ಟಿಂಗಿನಲ್ಲಿ 60 ಸೆಕೆಂಡಿಗೊಮ್ಮೆ 'ಇದ್ದೀನಿ' ಅನ್ನುವ ಸಂದೇಶ ಹೋಗುವ ಹಾಗೆ ಮಾಡಿದ ಮೇಲೆ ಸುಮ್ಮಸುಮ್ನೆ ಕಡಿಯುವುದು ತುಂಬಾ ಕಡಿಮೆಯಾಯಿತು.

ಮೊದಲ ಸಲ ಕಳಿಸುವುದಕ್ಕೆ ತಾಳ್ಮೆ ಬೇಕು. ನಮ್ಮ ಅಪ್‌ಲೋಡ್ ವೇಗ 40 ಎಂಬಿಪಿಎಸ್. 3.2 ಟಿಬಿ ಕಳಿಸಲು ಬಿಡದೆ ನಡೆದರೆ ಏಳೂವರೆ ದಿನ. ಹಗಲು ಗಿರಾಕಿಗಳ ಲಿಂಕ್ ತೆರೆಯಬೇಕಲ್ವಾ, ಅದಕ್ಕೆ ರಾತ್ರಿ 8 ಗಂಟೆಯಷ್ಟೇ ಬಿಟ್ಟೆ. ಲೆಕ್ಕದ ಪ್ರಕಾರ 22 ರಾತ್ರಿ, ಆಗಿದ್ದು 26. ಈಗ ದಿನಕ್ಕೆ ಹೊಸದು ಎಷ್ಟಿದೆಯೋ ಅಷ್ಟೇ ಹೋಗುತ್ತದೆ.

ಮೂಲದ ಕಡೆಯ ಭಯಕ್ಕೂ ಒಂದು ದಾರಿ ಮಾಡಿದೆ. ಫೋಟೋ ಡಿಸ್ಕಿನ ಒಳಗೆ ಒಂದು ಸಣ್ಣ ಗುರುತಿನ ಫೈಲ್ ಇಟ್ಟಿದ್ದೇನೆ. ಸ್ಕ್ರಿಪ್ಟ್ ಮೊದಲು ಅದನ್ನು ಹುಡುಕುತ್ತದೆ. ಸಿಗದಿದ್ದರೆ ಅಲ್ಲೇ ನಿಂತು ನನ್ನ ಫೋನಿಗೆ ಮೆಸೇಜ್ ಹಾಕುತ್ತದೆ. ಇನ್ನೊಂದು, ಡಿಸ್ಕ್ ಕೂರುವ ಖಾಲಿ ಫೋಲ್ಡರಿಗೆ 'ಇಮ್ಯೂಟಬಲ್' (ಬದಲಿಸಲಾಗದ) ಗುರುತು ಹಾಕಿದೆ. ಡಿಸ್ಕ್ ಅದರ ಮೇಲೆ ಮೌಂಟ್ ಆಗಿದ್ದಾಗ ಬರೆಯುವುದಕ್ಕೆ ಏನೂ ಅಡ್ಡಿಯಿಲ್ಲ. ಮೌಂಟ್ ಆಗದಿದ್ದರೆ ಎಲ್ಲಾ ಅಧಿಕಾರ ಇರುವ ರೂಟ್ ಯೂಸರ್ ಕೂಡ ಅಲ್ಲಿ ಏನೂ ಬರೆಯಲು ಬರುವುದಿಲ್ಲ. ಇಷ್ಟು ಸಣ್ಣ ಕೆಲಸ ಆ ಜುಲೈಗೆ ಮುಂಚೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ನೆಕ್ಸ್ಟ್‌ಕ್ಲೌಡಿನದು ಬೇರೆ ಅಗತ್ಯ. ಹಳೆಯ ಗಿರಾಕಿಗಳು ಬಂದು ಆಲ್ಬಮ್ ಕೇಳಿದಾಗ ತಕ್ಷಣ ತೋರಿಸಬೇಕು. ಅದಕ್ಕೆ ಮುಗಿದ ಆಲ್ಬಮ್ಮುಗಳ ಜೆಪೆಗ್ ಫೈಲುಗಳನ್ನು ಮಾತ್ರ ಬಾಡಿಗೆ ಜಾಗದ ಇನ್ನೊಂದು ಉಪಖಾತೆಯಲ್ಲಿಟ್ಟೆ. ನೆಕ್ಸ್ಟ್‌ಕ್ಲೌಡಿನ ಜೊತೆಗೇ 'ಎಕ್ಸ್‌ಟರ್ನಲ್ ಸ್ಟೋರೇಜ್' ಅನ್ನುವ ಆ್ಯಪ್ ಬರುತ್ತದೆ. ನಾವಾಗಿಯೇ ಆನ್ ಮಾಡಬೇಕು. ಅದರಲ್ಲಿ ಎಸ್‌ಎಫ್‌ಟಿಪಿ ಆರಿಸಿ, ವಿಳಾಸ, ಪೋರ್ಟ್, ಕೀ (ಪಾಸ್‌ವರ್ಡಿನ ಬದಲು ಬಳಸುವ ಫೈಲ್) ಕೊಟ್ಟರೆ ಹಸಿರು ಗುರುತು ಬರುತ್ತದೆ. ಹಸಿರು ಬಂತು ಅಂತ ಅಲ್ಲಿಗೇ ಬಿಡಬೇಡಿ. ನಿಜವಾದ ಕೆಲಸ ಪಕ್ಕದ ಮೂರು ಚುಕ್ಕಿಯ ಮೆನುವಿನಲ್ಲಿದೆ.

ಅಲ್ಲಿ ಮೊದಲು ನಾನು ನಿಲ್ಲಿಸಿದ್ದು ಪ್ರಿವ್ಯೂ. ಚಿಕ್ಕ ಚಿತ್ರ ತೋರಿಸಬೇಕಾದರೆ ನೆಕ್ಸ್ಟ್‌ಕ್ಲೌಡ್ ಇಡೀ ಫೈಲನ್ನು ಅಲ್ಲಿಂದ ತರಿಸಿಕೊಳ್ಳಬೇಕು. 600 ಫೋಟೋ ಇರುವ ಫೋಲ್ಡರ್ ತೆರೆದು ಜಾರಿಸುತ್ತಾ ಹೋದರೆ 600 ಫೈಲೂ ಸಮುದ್ರ ದಾಟಿ ಬರಬೇಕು. ಪಿಸಿ ಬಿಸಿಯಾಗಿ ನೆಟ್ ಪೂರ್ತಿ ಅದಕ್ಕೇ ಹೋಗುತ್ತಿತ್ತು. ಬದಲಿಗೆ ಪ್ರತಿ ಆಲ್ಬಮ್ಮಿಗೆ ಸಣ್ಣ ಸೈಜಿನ ಒಂದು ಪ್ರತಿ ಮಾಡಿ ಸ್ಟುಡಿಯೋ ಡಿಸ್ಕಿನಲ್ಲೇ ಇಟ್ಟೆ. ಗಿರಾಕಿ ನೋಡುವುದು ಅದನ್ನು. ದೊಡ್ಡದು ಬೇಕಾದಾಗ ಮಾತ್ರ ಅಲ್ಲಿಂದ. ಆಮೇಲೆ 'ರೀಡ್ ಓನ್ಲಿ' ಟಿಕ್ ಹಾಕಿದೆ. ಎಡಿಟ್ ಮಾಡುವ ಹುಡುಗರು ಕೈತಪ್ಪಿ ಡಿಲೀಟ್ ಒತ್ತಿದರೂ ಮೂಲಕ್ಕೆ ಏನೂ ಆಗುವುದಿಲ್ಲ. ಇಂಥ ಫೋಲ್ಡರಿಗೆ ಶೇರಿಂಗ್ ಮೊದಲಿಂದಲೇ ಆಫ್ ಇರುತ್ತದೆ, ಲಿಂಕ್ ಕೊಡಬೇಕಾದರೆ ಆನ್ ಮಾಡಬೇಕು. ನೆಕ್ಸ್ಟ್‌ಕ್ಲೌಡಿಗೆ ಗೊತ್ತಾಗದೆ ನಾವು ಹೊರಗಿಂದ ಹಾಕಿದ ಫೈಲುಗಳು ಅದರ ಹುಡುಕಾಟದಲ್ಲಿ ಸಿಗುವುದಿಲ್ಲ. ಅದಕ್ಕೆ ದಿನಾ ಬೆಳಗಿನ ಜಾವ ಒಂದು ಸ್ಕ್ಯಾನ್ ಓಡಿಸುತ್ತೇನೆ.

ವೆಬ್‌ಡ್ಯಾವ್ ಕೂಡ ಒಂದು ವಾರ ನೋಡಿದೆ. ಸಾದಾ ವೆಬ್‌ಡ್ಯಾವಿನಲ್ಲಿ ಫೈಲಿನ ಹಳೆಯ ತಾರೀಖು ಉಳಿಯುವುದಿಲ್ಲ, ಎಲ್ಲಾ ಇವತ್ತಿನದೇ ಆಗುತ್ತದೆ. ಫೋಟೋ ಕೆಲಸದವರಿಗೆ ಅದು ಆಗಿಬರುವುದಿಲ್ಲ. ಬಿಟ್ಟೆ.

ಮೂರನೆಯ ಪ್ರತಿ ಚಿಕ್ಕಮಗಳೂರಿನಲ್ಲಿದೆ, ನನ್ನ ಅಕ್ಕನ ಮನೆಯಲ್ಲಿ. ಒಂದು ಹಳೆಯ ಪಿಸಿ, ಒಂದು ಡಿಸ್ಕ್, ಒಂದು ಯುಪಿಎಸ್. ಮನೆಯ ಇಂಟರ್ನೆಟ್ಟಿಗೆ ಹೊರಗಿಂದ ಕರೆಯಬಹುದಾದ ವಿಳಾಸ ಇರಲಿಲ್ಲ, ಹಾಗಾಗಿ ಟೇಲ್‌ಸ್ಕೇಲ್ ಹಾಕಿ ಎರಡು ಊರಿನ ಪಿಸಿಗಳನ್ನು ಒಂದೇ ಖಾಸಗಿ ಜಾಲದಲ್ಲಿ ಸೇರಿಸಿದೆ. ಇನ್ನೊಬ್ಬರ ಮನೆಯಲ್ಲಿ ಜನರ ಫೋಟೋ ತೆರೆದಿಡುವುದು ಸರಿಯಲ್ಲ. ಅಕ್ಕ ಆದರೂ ಸರಿಯಲ್ಲ, ಅದು ಗಿರಾಕಿಗಳು ನನ್ನನ್ನು ನಂಬಿ ಕೊಟ್ಟಿದ್ದು. ಹಾಗಾಗಿ ಇಲ್ಲಿ ಆರ್‌ಕ್ಲೋನಿನ 'ಕ್ರಿಪ್ಟ್' ಬಳಸಿದೆ. ಫೈಲಿನ ಹೆಸರನ್ನೂ ಅದು ಮರೆಮಾಡುತ್ತದೆ. 'ಸಿಂಕ್' ಬಳಸಲಿಲ್ಲ, 'ಕಾಪಿ' ಮಾತ್ರ. ಮೊದಲ ಪ್ರತಿಯನ್ನು ನೆಟ್‌ನಲ್ಲಿ ಕಳಿಸಲೂ ಇಲ್ಲ. ಇಲ್ಲೇ ಅದೇ ಪಾಸ್‌ವರ್ಡಿನಲ್ಲಿ ಡಿಸ್ಕಿಗೆ ತುಂಬಿ, ಬೆಳಗಿನ ಬಸ್ಸಿನಲ್ಲಿ ಬೇಲೂರಿನ ಮೇಲೆ ಮಡಿಲಲ್ಲಿಟ್ಟುಕೊಂಡು ಹೋದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ತುಂಬುವಾಗ ಒಂದು ತೊಡಕು ಬಂತು. ಕನ್ನಡದಲ್ಲಿ ಫೋಲ್ಡರಿಗೆ ಹೆಸರಿಡುವವರೆಲ್ಲಾ ಇದನ್ನು ತಿಳಿದಿರಬೇಕು. ಕೆಲವು ಫೋಲ್ಡರ್ 'ಹೆಸರು ತುಂಬಾ ಉದ್ದ' ಅಂತ ನಿಂತುಬಿಟ್ಟವು. ನೋಡಿದರೆ ಹೆಸರು ಅಂಥ ಉದ್ದವೇನೂ ಇರಲಿಲ್ಲ. ಲಿನಕ್ಸ್ ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಲ್ಲಿ ಬಳಸುವ ಯುಟಿಎಫ್-8 ಅನ್ನುವ ಯೂನಿಕೋಡ್ ರೂಪದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಗುರುತಿಗೆ ಮೂರು ಬೈಟ್ ಬೇಕು. ಗುಣಿತ, ಒತ್ತು, ಅರ್ಕಾವತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸಬೇಕು. 'ನಿಶ್ಚಿತಾರ್ಥ' ಅನ್ನುವ ಪದ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು 11 ಗುರುತು, 33 ಬೈಟ್. ಕ್ರಿಪ್ಟ್ ಹೆಸರನ್ನು ಇನ್ನೂ ಉದ್ದ ಮಾಡುವುದರಿಂದ, ಮೂಲ ಹೆಸರು ಸುಮಾರು 143 ಬೈಟಿನೊಳಗೆ ಇರಬೇಕು. ವಧು, ವರ, ಛತ್ರ, ಊರು ಎಲ್ಲಾ ಸೇರಿಸಿ ಬರೆದ ಹೆಸರು ಅಲ್ಲಿ ಹಿಡಿಸುವುದಿಲ್ಲ.

ಇನ್ನೊಂದು ಕಣ್ಣಿಗೇ ಕಾಣದ್ದು. 'ಆಲ್ಬಮ್' ಅನ್ನುವ ಹೆಸರಿನ ಫೋಲ್ಡರ್ ಒಂದೇ ಕಡೆ ಎರಡು ಇತ್ತು. ಅಕ್ಷರಕ್ಕೆ ಅಕ್ಷರ ಒಂದೇ. ಒಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು, ಇನ್ನೊಂದು ಫೋನಿನಲ್ಲಿ. ಫೋನಿನ ಕೀಬೋರ್ಡ್ ಕೊನೆಯ ಅರ್ಧಾಕ್ಷರದ ನಂತರ ಕಾಣದ ಒಂದು ಗುರುತು ಸೇರಿಸಿತ್ತು. ಈಗ ಫೋಲ್ಡರಿನ ಹೆಸರು ತಾರೀಖು ಮತ್ತು ಬಿಲ್ ನಂಬರ್, ಬರೀ ಅಂಕಿ. ವಧು ವರರ ಹೆಸರು, ಊರು, ಛತ್ರ ಎಲ್ಲವನ್ನೂ ಒಳಗೆ ಒಂದು ಸಣ್ಣ ಪಠ್ಯದ ಫೈಲಿನಲ್ಲಿ ಕನ್ನಡದಲ್ಲೇ, ಎಷ್ಟು ಉದ್ದ ಬೇಕೋ ಅಷ್ಟು ಬರೆದಿಡುತ್ತೇವೆ.

ನೆಕ್ಸ್ಟ್‌ಕ್ಲೌಡಿನ ಡೇಟಾಬೇಸ್ ಮತ್ತು ಕಾನ್ಫಿಗ್ ಫೋಲ್ಡರನ್ನೂ ರೆಸ್ಟಿಕ್‌ಗೆ ಸೇರಿಸಿದ್ದೇನೆ. ಫೋಟೋ ಉಳಿದು ಅವು ಹೋದರೆ ಲಿಂಕುಗಳೆಲ್ಲಾ ಸತ್ತ ಹಾಗೆ.

ಆಷಾಢದಲ್ಲಿ ಮದುವೆ ಇರುವುದಿಲ್ಲ. ನಮಗೆ ಅದೇ ಬಿಡುವು. ಆ ತಿಂಗಳು ಒಂದು ಹೊಸ ಡಿಸ್ಕ್ ತಂದು, ಒಂದು ಇಡೀ ವರ್ಷದ ಫೋಟೋಗಳನ್ನು ದೂರದ ಪ್ರತಿಯಿಂದ ವಾಪಸ್ ಇಳಿಸಿ, ತೆರೆದು ನೋಡುತ್ತೇನೆ. ಉಳಿದ ತಿಂಗಳು ರೆಸ್ಟಿಕ್‌ನ 'ಚೆಕ್' ಆಜ್ಞೆಯಲ್ಲಿ 5 ಶೇಕಡಾ ಡೇಟಾ ಓದಿಸುತ್ತೇನೆ. ರೆಸ್ಟಿಕ್ ಪಾಸ್‌ವರ್ಡ್ ಹೋದರೆ ಯಾರಿಂದಲೂ ಬಿಡಿಸಲಾಗುವುದಿಲ್ಲ. ಅದಕ್ಕೆ ಕ್ರಿಪ್ಟ್‌ನದನ್ನೂ ಸೇರಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಯಾವ ಲ್ಯಾಪ್‌ಟಾಪಿನಿಂದಾದರೂ ಹೇಗೆ ಇಳಿಸಬೇಕು ಅನ್ನುವುದನ್ನು ಒಂದೊಂದೇ ಸಾಲಾಗಿ, ನಮ್ಮ ಸ್ಟುಡಿಯೋದ ಹುಡುಗನಿಗೆ ಅರ್ಥವಾಗುವ ಹಾಗೆ ಬರೆದೆ. ಕೀ ಇರುವ ಪೆನ್‌ಡ್ರೈವ್ ಜೊತೆ ಅದು ಮನೆಯ ಬೀರುವಿನಲ್ಲಿದೆ. ಹೆಂಡತಿಗೂ ಹುಡುಗನಿಗೂ ಜಾಗ ತೋರಿಸಿದ್ದೇನೆ.

ಈ ವರ್ಷ ಏಪ್ರಿಲ್‌ನಲ್ಲಿ ಗುಡುಗು ಮಳೆಗೆ ಸ್ಟುಡಿಯೋ ಪಿಸಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸುಟ್ಟು, ಪಿಸಿ ಡಿಸ್ಕುಗಳ ಸಮೇತ ರಿಪೇರಿಗೆ ಹೋಗಿತ್ತು. ನಾನು ಅರಕಲಗೂಡಿನಲ್ಲಿ ಒಂದು ಮದುವೆಯಲ್ಲಿದ್ದೆ. ಆಲೂರು ಕಡೆಯ ಒಬ್ಬ ಹೆಣ್ಣುಮಗಳು ಸ್ಟುಡಿಯೋಗೆ ಬಂದಿದ್ದರು. ತಂದೆ ತೀರಿಕೊಂಡಿದ್ದಾರೆ, ವೈಕುಂಠ ಸಮಾರಾಧನೆಗೆ ಒಂದು ಫೋಟೋ ಬೇಕು, ಮಗಳ ನಾಮಕರಣದಲ್ಲಿ ನಾವು ತೆಗೆದಿದ್ದೇ ಚೆನ್ನಾಗಿತ್ತು ಅಂತ. ಕೈಯಲ್ಲಿ 2016ರ ರಸೀದಿ. ಹುಡುಗ ಮನೆಗೆ ಹೋಗಿ ನೋಟ್‌ಬುಕ್ ತಂದಿದ್ದಾನೆ. ತನ್ನ ಲ್ಯಾಪ್‌ಟಾಪಿನಲ್ಲಿ ಸಾಲು ಸಾಲಾಗಿ ಓದಿಕೊಂಡು ಟೈಪ್ ಮಾಡಿ, ಬಿಲ್ ನಂಬರ್ ಹುಡುಕಿ, ಆ ಒಂದು ಫೋಲ್ಡರ್ ಇಳಿಸಿದ್ದಾನೆ. ಧಾರೆ ಮುಗಿದು ನಾನು ಬ್ಯಾಟರಿ ಬದಲಾಯಿಸುತ್ತಿದ್ದಾಗ ಫೋನ್ ಬಂತು.

"ಅಣ್ಣ, ತಾತ ಮಗೂನ ಎತ್ಕೊಂಡಿರೋದು ಸಿಕ್ತು. ಅಕ್ಕ ಅದೇ ಬೇಕು ಅಂತಿದ್ದಾರೆ. 12-18 ಪ್ರಿಂಟ್ ಹಾಕ್ಲಾ?"

"ಹಾಕು" ಅಂದೆ. "ದುಡ್ಡು ತಗೋಬೇಡ."